ನಿಮಗಿದು ಗೊತ್ತೇ? ಹುಡುಕುವವರು ನಿಮ್ಮ ಜಾಲತಾಣಕ್ಕೆ ಬರುವ ದಾರಿ

ಬಸ್ ನಿಲ್ದಾಣದ ಫಲಕವಾಗಲಿ, ಟಿ.ವಿ. ಪರದೆಯಾಗಲಿ, ಅಲ್ಲಿನ ಜಾಹೀರಾತು ಯಾರಿಗೆ ಬೇಕೋ ಯಾರಿಗೆ ಬೇಡವೋ ಎಂದು ನೋಡದೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಸರ್ಚ್ ಎಂಜಿನ್‌ನಲ್ಲಿ ಹಾಗಲ್ಲ. ‘ಶಿರಸಿ ಹೋಮ್‌ಸ್ಟೇ’, ‘ಅಡಿಕೆ ಸುಲಿಯುವ ಯಂತ್ರದ ಬೆಲೆ’ ಎಂದು ಟೈಪ್ ಮಾಡಿದವರು ತಮಗೇನು ಬೇಕೆಂದು ತಾವೇ ಹೇಳಿಬಿಟ್ಟಿರುತ್ತಾರೆ. ಅವರನ್ನು ನಿಮ್ಮ ಪುಟಕ್ಕೆ ಕರೆತರಲು ಎರಡು ದಾರಿಗಳಿವೆ: ದುಡ್ಡು ಕೊಟ್ಟು ಜಾಗ ಪಡೆಯುವುದು, ಒಳ್ಳೆಯ ಉತ್ತರ ಕೊಟ್ಟು ಜಾಗ ಗಳಿಸುವುದು. ಎರಡರ ಒಳಗುಟ್ಟೂ ಇಲ್ಲಿದೆ.

ಶುರುವಾದದ್ದು ಹೀಗೆ

● ಇಂಟರ್‌ನೆಟ್‌ನ ಮೊದಲ ಸರ್ಚ್ ಎಂಜಿನ್ ಎಂದು ಹೆಸರಾದ ‘ಆರ್ಚಿ’ ಬಂದದ್ದು 1990ರಲ್ಲಿ. ಅದನ್ನು ರೂಪಿಸಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ, ಬಾರ್ಬಡೋಸ್ ಮೂಲದ ಅಲನ್ ಎಮ್ಟೇಜ್. ಫೈಲ್‌ಗಳ ಹೆಸರನ್ನಷ್ಟೇ ಅದು ಹುಡುಕುತ್ತಿತ್ತು. ಪುಟದೊಳಗಿನ ಪದಗಳನ್ನೆಲ್ಲ ಹುಡುಕಬಲ್ಲ ‘ವೆಬ್‌ಕ್ರಾಲರ್’ ಬರಲು 1994ರವರೆಗೆ ಕಾಯಬೇಕಾಯಿತು.

● ಅದೇ 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ ಶುರು ಮಾಡಿದ ಯಾಹೂ ಮೊದಲಿಗೆ ಸರ್ಚ್ ಎಂಜಿನ್ ಆಗಿರಲೇ ಇಲ್ಲ. ಮನುಷ್ಯರು ಕುಳಿತು ಜಾಲತಾಣಗಳನ್ನು ವಿಷಯವಾರು ಜೋಡಿಸಿದ ಪಟ್ಟಿ ಅದಾಗಿತ್ತು.

● ಕ್ಲಿಕ್ ಆದರೆ ಮಾತ್ರ ದುಡ್ಡು ಕೊಡುವ ಹರಾಜು ಪದ್ಧತಿಯನ್ನು ಚಾಲ್ತಿಗೆ ತಂದದ್ದು ಗೂಗಲ್ ಅಲ್ಲ. 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಆರಂಭಿಸಿದ ‘ಗೋಟು ಡಾಟ್ ಕಾಮ್’. ಅಲ್ಲಿ ಯಾರು ಒಂದು ಕ್ಲಿಕ್‌ಗೆ ಎಷ್ಟು ಸೆಂಟ್ ಕೊಡುತ್ತಿದ್ದಾರೆ ಎಂಬುದು ಫಲಿತಾಂಶದ ಪಕ್ಕದಲ್ಲೇ ಕಾಣುತ್ತಿತ್ತು! ಮುಂದೆ ‘ಓವರ್‌ಚರ್’ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿಯನ್ನು 2003ರಲ್ಲಿ ಯಾಹೂ ಸುಮಾರು 163 ಕೋಟಿ ಡಾಲರ್‌ಗೆ ಕೊಂಡಿತು.

● ಇದೇ ಪದ್ಧತಿಯ ಪೇಟೆಂಟ್ ವಿಚಾರವಾಗಿ ಗೂಗಲ್ ಮೇಲೆ ಮೊಕದ್ದಮೆ ಬಿತ್ತು. 2004ರ ಆಗಸ್ಟ್‌ನಲ್ಲಿ, ಷೇರುಪೇಟೆಗೆ ಇಳಿಯುವ ಹೊಸ್ತಿಲಲ್ಲಿ, ಗೂಗಲ್ ತನ್ನ 27 ಲಕ್ಷ ಷೇರುಗಳನ್ನು ಯಾಹೂಗೆ ಕೊಟ್ಟು ರಾಜಿ ಮಾಡಿಕೊಂಡಿತು.

● ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಎಂಜಿನ್ ಸಹಜವಾಗಿಯೇ ಜಾಹೀರಾತುದಾರರ ಕಡೆ ವಾಲುತ್ತದೆ ಎಂದು 1998ರ ಒಂದು ಪ್ರಬಂಧ ಎಚ್ಚರಿಸಿತ್ತು. ಬರೆದವರು ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್! 2000ದ ಅಕ್ಟೋಬರ್‌ನಲ್ಲಿ ಅವರ ಕಂಪನಿಯೇ 350 ಜಾಹೀರಾತುದಾರರೊಂದಿಗೆ ‘ಆಡ್‌ವರ್ಡ್ಸ್’ ಆರಂಭಿಸಿತು. 2023ರಲ್ಲಿ ಗೂಗಲ್‌ಗೆ ಸರ್ಚ್ ವಿಭಾಗದಿಂದ ಬಂದ ವರಮಾನ ಸುಮಾರು 17,500 ಕೋಟಿ ಡಾಲರ್.

ಕಣ್ಣಿಗೆ ಕಾಣದ ಹರಾಜು

● ನೀವು ಏನನ್ನಾದರೂ ಹುಡುಕಿ, ಅದಕ್ಕೆ ಹೊಂದುವ ಜಾಹೀರಾತುಗಳಿದ್ದರೆ ಆ ಕ್ಷಣವೇ ಒಂದು ಹರಾಜು ನಡೆದುಹೋಗುತ್ತದೆ. ಮತ್ತೆ ಹುಡುಕಿದರೆ ಮತ್ತೊಂದು ಹರಾಜು. ಹಾಗಾಗಿಯೇ ಒಮ್ಮೆ ಕಂಡ ಜಾಹೀರಾತು ಇನ್ನೊಮ್ಮೆ ಕಾಣದೇ ಇರಬಹುದು.

● ಹೆಚ್ಚು ಕೂಗಿದವರಿಗೇ ಮೊದಲ ಜಾಗ ಎಂದೇನಿಲ್ಲ. ಜಾಹೀರಾತು ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಜನ ಅದನ್ನು ಒತ್ತುವ ಸಂಭವ ಎಷ್ಟು, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಸರಳ ಲೆಕ್ಕ ನೋಡಿ: ಒಬ್ಬರು ಕ್ಲಿಕ್‌ಗೆ 20 ರೂಪಾಯಿ ಕೂಗಿದ್ದಾರೆ, ಗುಣಮಟ್ಟದ ಅಂಕ 4; ಗುಣಿಸಿದರೆ 80. ಇನ್ನೊಬ್ಬರು ಕೂಗಿದ್ದು 12 ರೂಪಾಯಿಯೇ, ಆದರೆ ಅಂಕ 8, ಗುಣಿಸಿದರೆ 96. ಮೇಲಿನ ಜಾಗ ಎರಡನೆಯವರಿಗೆ. ಅವರು ಪೂರ್ತಿ 12 ರೂಪಾಯಿ ಕೊಡಬೇಕಾಗಿಯೂ ಇಲ್ಲ. 80ನ್ನು ದಾಟಲು ಎಷ್ಟು ಬೇಕೋ ಅಷ್ಟು, ಅಂದರೆ 10 ರೂಪಾಯಿಯ ಆಸುಪಾಸು ಕೊಟ್ಟರೆ ಸಾಕು. ಅಸಲಿ ಲೆಕ್ಕದಲ್ಲಿ ಇನ್ನೂ ಹಲವು ಅಂಶಗಳಿದ್ದರೂ ತಿರುಳು ಇದೇ: ಒಳ್ಳೆಯ ಪುಟ ಖರ್ಚನ್ನು ಇಳಿಸುತ್ತದೆ.

● ಗೆದ್ದವರು ಎರಡನೆಯವರ ಬೆಲೆ ಕೊಡುವ ಹರಾಜಿನ ಬಗ್ಗೆ 1961ರಲ್ಲೇ ಬರೆದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. ಸರ್ಚ್ ಜಾಹೀರಾತಿನ ಹರಾಜು ಅದರ ಹತ್ತಿರದ ನೆಂಟ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಅವರು ತೀರಿಕೊಂಡರು.

● ಯಾವ ಪದಕ್ಕೆ ಜಾಹೀರಾತು ಬೇಡ ಎಂದೂ ಹೇಳಬಹುದು. ಚನ್ನಪಟ್ಟಣದ ಗೊಂಬೆ ಮಾರುವವರು ‘ಚನ್ನಪಟ್ಟಣ’ ಎಂಬ ಪದವನ್ನಷ್ಟೇ ಆರಿಸಿಕೊಂಡರೆ ರೈಲಿನ ವೇಳೆ ಹುಡುಕುವವರಿಗೂ ಗೊಂಬೆ ಕಾಣುತ್ತದೆ, ದುಡ್ಡು ಸೋರುತ್ತದೆ. ‘ರೈಲು’, ‘ಬಸ್’, ‘ಹವಾಮಾನ’ ಇವನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿದರೆ ಆ ಸೋರಿಕೆ ನಿಲ್ಲುತ್ತದೆ.

● ಗೂಗಲ್‌ನ ಸರ್ಚ್ ಜಾಹೀರಾತಿಗೆ 30 ಅಕ್ಷರಗಳ ಮಿತಿಯ 15 ತಲೆಬರಹಗಳನ್ನೂ 90 ಅಕ್ಷರಗಳ ಮಿತಿಯ 4 ವಿವರಣೆಗಳನ್ನೂ ಕೊಡಬಹುದು. ಯಾವುದಕ್ಕೆ ಯಾವುದನ್ನು ಜೋಡಿಸಿದರೆ ಜನ ಒತ್ತುತ್ತಾರೆ ಎಂದು ಯಂತ್ರವೇ ಪ್ರಯೋಗ ಮಾಡಿ ನೋಡುತ್ತದೆ.

● ನಿಮ್ಮ ಹೆಸರನ್ನೇ ಹುಡುಕುವವರಿಗೆ ಜಾಹೀರಾತು ತೋರಿಸಬೇಕೇ? 2012ರಲ್ಲಿ ಇಬೇ ಕಂಪನಿ ಅಮೆರಿಕದ ಯಾಹೂ ಮತ್ತು ಮೈಕ್ರೊಸಾಫ್ಟ್ ಸರ್ಚ್‌ಗಳಲ್ಲಿ ತನ್ನ ಹೆಸರಿನ ಜಾಹೀರಾತನ್ನು ನಿಲ್ಲಿಸಿ ನೋಡಿತು. ನಿಂತುಹೋದ ಕ್ಲಿಕ್‌ಗಳಲ್ಲಿ ಶೇ 99.5ರಷ್ಟು ಕೆಳಗಿದ್ದ ಉಚಿತ ಲಿಂಕ್‌ಗಳ ಮೂಲಕ ಬಂದೇಬಂದವು. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಗಿರಾಕಿಯ ಕೈಗೆ ಅಂಗಡಿಯ ವಿಳಾಸದ ಚೀಟಿ ಕೊಟ್ಟಂತಾಗಿತ್ತು ಆ ಖರ್ಚು. ಬೇರೆ ಪದಗಳ ಜಾಹೀರಾತನ್ನೂ ಪರೀಕ್ಷಿಸಿದಾಗ ಕಂಡದ್ದು: ಹೊಸಬರ ಮೇಲೆ ಪರಿಣಾಮ ಇದೆ, ಹಳೆಯ ಗಿರಾಕಿಗಳ ಮೇಲೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸ್ಟೀವನ್ ಟಡೆಲಿಸ್ ಮತ್ತು ಸಂಗಡಿಗರ ಈ ಅಧ್ಯಯನ 2015ರಲ್ಲಿ ‘ಎಕನಾಮೆಟ್ರಿಕಾ’ದಲ್ಲಿ ಪ್ರಕಟವಾಯಿತು.

● ಎದುರಾಳಿಯ ದುಡ್ಡು ಕರಗಿಸಲೆಂದೇ ಕ್ಲಿಕ್ ಮಾಡುವವರೂ ಇದ್ದಾರೆ. ಇಂಥ ಸುಳ್ಳು ಕ್ಲಿಕ್‌ಗಳ ಕುರಿತ ಮೊಕದ್ದಮೆಯೊಂದನ್ನು 2006ರಲ್ಲಿ ಗೂಗಲ್ 9 ಕೋಟಿ ಡಾಲರ್‌ಗಳಿಗೆ ಇತ್ಯರ್ಥ ಮಾಡಿಕೊಂಡಿತು.

ದುಡ್ಡು ಕೊಡದೆ ಗಳಿಸುವ ಜಾಗ

● ಒಂದು ಪುಟಕ್ಕೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ, ಹಾಗೆ ಕೊಟ್ಟವುಗಳ ತೂಕ ಎಷ್ಟು ಎಂದು ಅಳೆಯುವ ‘ಪೇಜ್‌ರ‍್ಯಾಂಕ್’ ಸೂತ್ರದ ಪೇಟೆಂಟ್ ಇದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಅದನ್ನು ಬಳಸಲು ಗೂಗಲ್ ಕೊಟ್ಟ 18 ಲಕ್ಷ ಷೇರುಗಳನ್ನು ಮಾರಿ ವಿಶ್ವವಿದ್ಯಾಲಯ 33 ಕೋಟಿಗೂ ಹೆಚ್ಚು ಡಾಲರ್ ಗಳಿಸಿತು.

● ಒಂದು ವಿಷಯದಲ್ಲಿ ಪರಿಣತಿ ಇರುವ ಪುಟಗಳ ಲಿಂಕ್‌ಗೆ ಹೆಚ್ಚು ಬೆಲೆ ಕೊಡುವ ‘ಹಿಲ್‌ಟಾಪ್’ ವಿಧಾನ ರೂಪಿಸಿದವರಲ್ಲಿ ಬೆಂಗಳೂರಿನಲ್ಲಿ ಓದಿ ಬೆಳೆದ ಕೃಷ್ಣ ಭರತ್ ಒಬ್ಬರು. ಗೂಗಲ್ ನ್ಯೂಸ್ ಅವರ ಸೃಷ್ಟಿ. ಬೆಂಗಳೂರಿನಲ್ಲಿ ಗೂಗಲ್‌ನ ಸಂಶೋಧನಾ ಕೇಂದ್ರ ಕಟ್ಟಿದವರೂ ಅವರೇ.

● ಗೂಗಲ್‌ನಲ್ಲಿ ದಿನವೂ ನಡೆಯುವ ಹುಡುಕಾಟಗಳಲ್ಲಿ ಶೇ 15ರಷ್ಟು ಹಿಂದೆಂದೂ ಯಾರೂ ಕೇಳದೇ ಇದ್ದಂಥವು ಎಂದು ಆ ಕಂಪನಿಯೇ ಹೇಳಿದೆ. ಸಣ್ಣವರಿಗೆ ಇಲ್ಲೇ ಅವಕಾಶ. ‘ಕಾಫಿ’ ಎಂಬ ಪದಕ್ಕೆ ದೊಡ್ಡವರೊಂದಿಗೆ ಗುದ್ದಾಡುವ ಬದಲು ‘ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟು ಬೆರೆಸಬೇಕು’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರೆದಿಡಿ.

● ಪುಟದ ಒಡಲಲ್ಲಿ ಅಡಗಿಸಿಡುವ ‘ಮೆಟಾ ಕೀವರ್ಡ್ಸ್’ ಪಟ್ಟಿಯನ್ನು ಸ್ಥಾನ ನಿರ್ಧರಿಸಲು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಸಾರಿತು. ಅದನ್ನು ತುಂಬಿಕೊಡಲು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

● ಮೋಸಕ್ಕೆ ದೊಡ್ಡವರೆಂಬ ರಿಯಾಯಿತಿ ಇಲ್ಲ. ಸರ್ಚ್ ಎಂಜಿನ್‌ಗೆ ಒಂದು ಪುಟ, ಓದುಗರಿಗೆ ಇನ್ನೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಜಾಲತಾಣವನ್ನು ಗೂಗಲ್ ತನ್ನ ಫಲಿತಾಂಶದಿಂದಲೇ ಕಿತ್ತುಹಾಕಿತ್ತು. ತಪ್ಪು ತಿದ್ದಿಕೊಂಡ ಮೇಲೆ ಅದು ಮರಳಿತು.

● 2011ರಲ್ಲಿ ಬಂದು ಟೊಳ್ಳು ಪುಟಗಳನ್ನೆಲ್ಲ ಕೆಳಕ್ಕೆ ತಳ್ಳಿದ ‘ಪಾಂಡಾ’ ಬದಲಾವಣೆಯ ಹೆಸರಿಗೂ ಪ್ರಾಣಿಗೂ ಸಂಬಂಧವಿಲ್ಲ. ಅದು ಗೂಗಲ್ ಎಂಜಿನಿಯರ್ ನವನೀತ್ ಪಾಂಡಾ ಅವರ ಹೆಸರು.

● ‘ಈ ಪುಟಗಳಿಗೆ ಬರಬೇಡಿ’ ಎಂದು ಸರ್ಚ್ ಎಂಜಿನ್‌ಗೆ ತಿಳಿಸುವ ‘ರೋಬೋಟ್ಸ್’ ಫೈಲ್‌ನ ಕಲ್ಪನೆ 1994ರಲ್ಲಿ ಮಾರ್ಟೈನ್ ಕೋಸ್ಟರ್ ಅವರದು. ಅದರಲ್ಲಿ ‘ಡಿಸ್‌ಅಲೋ’ ಮುಂದೆ ಬರೀ ಒಂದು ಓರೆಗೆರೆ ಉಳಿದುಬಿಟ್ಟರೆ ಇಡೀ ಜಾಲತಾಣದ ಬಾಗಿಲು ಮುಚ್ಚಿದಂತೆ. ಹೊಸ ಜಾಲತಾಣ ಗೂಗಲ್‌ನಲ್ಲಿ ಕಾಣುತ್ತಿಲ್ಲವೇ? ಮೊದಲು ಇದನ್ನು ನೋಡಿ.

● ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಪರದೆಯ ಮೇಲೆ ಮೂಡಬೇಕು ಎಂಬುದು ಗೂಗಲ್ ಹಾಕಿಕೊಟ್ಟ ಅಳತೆ. ಊರಿನ ಮೊಬೈಲ್ ಸಿಗ್ನಲ್‌ನಲ್ಲಿ ನಿಮ್ಮ ಪುಟ ಎಷ್ಟು ಹೊತ್ತಿಗೆ ತೆರೆಯುತ್ತದೆ? ಬ್ಯಾನರ್‌ನ ಭಾರಿ ಫೋಟೊಗಳನ್ನು ಕುಗ್ಗಿಸಿದರೇ ಅರ್ಧ ಕೆಲಸ ಆದಂತೆ.

ಕನ್ನಡದ ಲೆಕ್ಕ

● ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಆದರೆ ಕಂಪ್ಯೂಟರ್ ಒಳಗೆ ಉಳಿಯುವುದು ರೋಮನ್ ಲಿಪಿಯ ‘ಪಿ’ಯಿಂದ ಶುರುವಾಗುವ, ಅರ್ಥವಿಲ್ಲದ ಅಕ್ಷರ-ಚಿಹ್ನೆಗಳ ಸಾಲು. ಸರ್ಚ್ ಎಂಜಿನ್ ಓದುವುದು ಆ ಸಾಲನ್ನೇ. ಹೀಗೆ ಸಿದ್ಧವಾದ ಸುತ್ತೋಲೆ, ಸ್ಮರಣ ಸಂಚಿಕೆ, ಕೃಷಿ ಕೈಪಿಡಿಗಳು ಜಾಲತಾಣದಲ್ಲಿ ಇದ್ದೂ ಇಲ್ಲದಂತೆ. ಯೂನಿಕೋಡ್‌ಗೆ ಪರಿವರ್ತಿಸಿದರೆ ಒಂದು ರೂಪಾಯಿ ಜಾಹೀರಾತಿಲ್ಲದೆ ಅವಕ್ಕೆ ಓದುಗರು ಸಿಗುತ್ತಾರೆ.

● ದರಪಟ್ಟಿ, ವಿಳಾಸ, ಫೋನ್ ನಂಬರನ್ನು ಚಿತ್ರವಾಗಿ ಹಾಕುವ ಅಭ್ಯಾಸವೂ ಹೀಗೆಯೇ ನಷ್ಟ ತರುತ್ತದೆ. ಅದೇ ಮಾಹಿತಿಯನ್ನು ಬರಹವಾಗಿಯೂ ಹಾಕಿ.

● ಪುಟದ ವಿಳಾಸದಲ್ಲಿ ‘ಕನ್ನಡ’ ಎಂದಿದ್ದರೆ ಅದನ್ನು ಕಾಪಿ ಮಾಡಿ ಬೇರೆಡೆ ಹಾಕಿದಾಗ ಉದ್ದದ ಚಿಹ್ನೆಗಳ ಸಾಲಾಗುವುದೇಕೆ? ಯೂನಿಕೋಡ್‌ನಲ್ಲಿ ಈ ಪದ ಕ, ನ, ಹಲಂತ ಚಿಹ್ನೆ, ನ, ಡ ಎಂಬ 5 ಘಟಕಗಳು. ಒಂದೊಂದಕ್ಕೂ 3 ಬೈಟ್, ಪ್ರತಿ ಬೈಟ್‌ಗೂ 3 ಅಕ್ಷರ, ಒಟ್ಟು 45! ಸಾಲು ಉದ್ದವಾದರೂ ಸರ್ಚ್ ಎಂಜಿನ್‌ಗೆ ಅರ್ಥವಾಗುತ್ತದೆ, ಹೆದರಬೇಕಿಲ್ಲ.

● ಜಾಲತಾಣದ ವಿಳಾಸವನ್ನು ಪೂರ್ತಿ ಕನ್ನಡ ಲಿಪಿಯಲ್ಲೇ ಇಟ್ಟುಕೊಳ್ಳಬಹುದು. ಕೊನೆಗೆ ‘.ಭಾರತ’ ಎಂದು ಬರುವ ಡೊಮೈನ್ ಕನ್ನಡದಲ್ಲೂ ಇದೆ.

● ಪದಗಳ ನಡುವಿನ ಸಂಬಂಧ ಹಿಡಿದು ಪ್ರಶ್ನೆಯ ಅರ್ಥ ತಿಳಿಯುವ ‘ಬರ್ಟ್’ ತಂತ್ರವನ್ನು ಗೂಗಲ್ 2019ರ ಡಿಸೆಂಬರ್‌ನಲ್ಲಿ 70ಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು, ಕನ್ನಡವೂ ಅದರಲ್ಲಿದೆ. ಹಾಗಾಗಿ ಒಂದೇ ಪದವನ್ನು ಹತ್ತು ಸಲ ತುರುಕುವ ಅಗತ್ಯವಿಲ್ಲ, ಸಹಜವಾಗಿ ಬರೆದರೆ ಸಾಕು.

● ಇಂಗ್ಲಿಷ್ ವಿಕಿಪೀಡಿಯದಲ್ಲಿ 65 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡದಲ್ಲಿ ಇರುವುದು ಕೆಲವು ಹತ್ತು ಸಾವಿರಗಳಷ್ಟೇ. ಕನ್ನಡದಲ್ಲಿ ಉತ್ತರಕ್ಕಾಗಿ ಕಾದಿರುವ ಪ್ರಶ್ನೆಗಳು ಅಷ್ಟೊಂದಿವೆ.

ಕಾನೂನು ಏನು ಹೇಳುತ್ತದೆ?

● ಭ್ರೂಣಲಿಂಗ ಪತ್ತೆಯ ಜಾಹೀರಾತು ಭಾರತದಲ್ಲಿ ಅಪರಾಧ. ಇದನ್ನು ಸರ್ಚ್ ಎಂಜಿನ್‌ಗಳಲ್ಲಿಯೂ ತಡೆಯಬೇಕೆಂದು ಡಾ. ಸಾಬು ಮ್ಯಾಥ್ಯೂ ಜಾರ್ಜ್ 2008ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಸಂಬಂಧಪಟ್ಟ ಪದಗಳಿಗೆ ಜಾಹೀರಾತು ಬಾರದಂತೆ ತಡೆಯಲು 2016ರಲ್ಲಿ ಗೂಗಲ್, ಯಾಹೂ, ಮೈಕ್ರೊಸಾಫ್ಟ್ ಒಪ್ಪಿಕೊಂಡವು.

● ಬೇರೆಯವರ ಟ್ರೇಡ್‌ಮಾರ್ಕನ್ನು ಕೀವರ್ಡ್ ಮಾಡಿಕೊಂಡ ಮಾತ್ರಕ್ಕೆ ತಪ್ಪಾಗದು, ಗಿರಾಕಿಗೆ ಗೊಂದಲ ಹುಟ್ಟಿಸಿದರೆ ತಪ್ಪು ಎಂದು 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು.

● ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ 2016ರ ಜೂನ್‌ನಿಂದ ಭಾರತ ಶೇ 6ರ ತೆರಿಗೆ ಹಾಕಿತ್ತು. ‘ಗೂಗಲ್ ಟ್ಯಾಕ್ಸ್’ ಎಂದೇ ಹೆಸರಾಗಿದ್ದ ಅದು 2025ರ ಏಪ್ರಿಲ್ 1ರಿಂದ ರದ್ದಾಗಿದೆ.

ದುಡ್ಡು ಹಾಕುವ ಮುನ್ನ

● ಕ್ಲಿಕ್ ಎಣಿಸಬೇಡಿ, ಗಿರಾಕಿಯನ್ನು ಎಣಿಸಿ. ಕ್ಲಿಕ್‌ಗೆ 10 ರೂಪಾಯಿಯಂತೆ 1,000 ರೂಪಾಯಿಗೆ 100 ಜನ ಬಂದು ಇಬ್ಬರು ಕೊಂಡರೆ ಒಬ್ಬ ಗಿರಾಕಿಗೆ 500 ರೂಪಾಯಿ ಬಿದ್ದಿತು. ಲಾಭ 300 ರೂಪಾಯಿಯಷ್ಟೇ ಇದ್ದರೆ ಜಾಹೀರಾತು ಹೆಚ್ಚಿಸುವುದಕ್ಕಿಂತ ಪುಟ ಸರಿಪಡಿಸುವುದು ಮೊದಲ ಕೆಲಸ.

● ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಸಮಯ, ಫೋಟೊ ತೋರಿಸುವ ‘ಬಿಸಿನೆಸ್ ಪ್ರೊಫೈಲ್’ ಉಚಿತ. ಏನನ್ನು ಹುಡುಕಿ ಜನ ನಿಮ್ಮ ಪುಟಕ್ಕೆ ಬಂದರು ಎಂದು 16 ತಿಂಗಳವರೆಗಿನ ಲೆಕ್ಕ ಕೊಡುವ ‘ಸರ್ಚ್ ಕನ್ಸೋಲ್’ ಕೂಡ ಉಚಿತ.

● ಅರ್ಹ ಸೇವಾ ಸಂಸ್ಥೆಗಳಿಗೆ ಗೂಗಲ್ ತಿಂಗಳಿಗೆ 10,000 ಡಾಲರ್‌ವರೆಗಿನ ಸರ್ಚ್ ಜಾಹೀರಾತನ್ನು ಪುಕ್ಕಟೆ ಕೊಡುತ್ತದೆ. ಭಾರತದ ಸಂಸ್ಥೆಗಳೂ ಅರ್ಜಿ ಹಾಕಬಹುದು.

● ಜಾಹೀರಾತಿನ ದುಡ್ಡು ಮುಗಿದ ದಿನವೇ ಅದರಿಂದ ಬರುವ ಜನವೂ ನಿಲ್ಲುತ್ತಾರೆ. ಚೆನ್ನಾಗಿ ಬರೆದ ಉತ್ತರ ಮಾತ್ರ ವರ್ಷಗಟ್ಟಲೆ ಜನರನ್ನು ಕರೆತರುತ್ತಿರುತ್ತದೆ. ಗಿರಾಕಿಗಳು ಫೋನಿನಲ್ಲಿ ನಿಮ್ಮನ್ನು ಪದೇ ಪದೇ ಕೇಳುವ ಹತ್ತು ಪ್ರಶ್ನೆಗಳನ್ನು ಬರೆದುಕೊಳ್ಳಿ. ಅವರು ಕೇಳುವ ಮಾತಿನಲ್ಲೇ ತಲೆಬರಹ ಕೊಟ್ಟು, ಬೆಲೆಯನ್ನೂ ಮುಚ್ಚಿಡದೆ, ಕನ್ನಡದಲ್ಲಿ ಒಂದೊಂದಕ್ಕೂ ಒಂದು ಪುಟ ಬರೆಯಿರಿ. ಜಾಹೀರಾತಿಗೆ ದುಡ್ಡು ಹಾಕುವುದು ಆಮೇಲಿನ ಮಾತು.