ಕೋಟು ಕಳಚಿದರೆ ಮೊಲ

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆ ಮಕ್ಕಳ ಚಿತ್ರಕಲಾ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ನಿಸರ್ಗ ಚಿತ್ರ, ಪ್ರಾಣಿ–ಪಕ್ಷಿ, ವ್ಯಂಗ್ಯಚಿತ್ರ ಎಂದು ಮೂರು ವಿಭಾಗ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಳ್ಳಿ ಬಸ್ಸಿನ ಚಿತ್ರ ಬರೆದಿದ್ದಳು. ಬಸ್ಸಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ಸೀರೆಯುಟ್ಟ ಎಮ್ಮೆಯೊಂದು ಕೊಂಬು ಬಾಗಿಲಿಗೆ ಸಿಕ್ಕಿ ಹತ್ತಲಾರದೆ ನಿಂತಿದೆ, ಹಿಂದಿನಿಂದ ಎರಡು ಆಡುಗಳು ತಳ್ಳುತ್ತಿವೆ, ಕಿಟಕಿ ಪಕ್ಕದ ಸೀಟಿನಲ್ಲಿ ಆಮೆಯಜ್ಜನಿಗೆ ನಿದ್ದೆ, ಕಂಡಕ್ಟರು ಕಾಗೆ.

ಪ್ರಾಣಿ ವಿಭಾಗದ ತೀರ್ಪುಗಾರರು ‘ಎಮ್ಮೆ ಎಲ್ಲಾದರೂ ಸೀರೆ ಉಡುತ್ತದೆಯೇ?’ ಎಂದರು. ವ್ಯಂಗ್ಯಚಿತ್ರದವರು ‘ಇದರಲ್ಲಿ ವ್ಯಂಗ್ಯ ಯಾರ ಮೇಲೆ?’ ಎಂದರು. ಚಿತ್ರ ಎರಡು ಮೇಜುಗಳ ನಡುವೆ ಓಡಾಡಿ ಕೊನೆಗೆ ಬಹುಮಾನವಿಲ್ಲದ ಕಟ್ಟಿಗೆ ಸೇರಿತು. ನಾನೂ ಗಟ್ಟಿಯಾಗಿ ಏನೂ ಹೇಳಲಿಲ್ಲ. ಸಂಜೆ ಹುಡುಗಿಯ ತಂದೆ ಬಂದರು. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು: ‘ಇವಳು ದಿನಾ ಇಂಥದ್ದೇ ಬರೀತಾಳೆ ಸಾರ್. ಇದು ಯಾವುದಕ್ಕೆ ಸೇರುತ್ತೆ? ಚಿಕ್ಕ ಮಕ್ಕಳ ಆಟವೋ, ಕಲೆಯೋ? ಮುಂದುವರಿಸಲಿ ಅನ್ನಲಾ, ಸಾಕು ಅನ್ನಲಾ?’

ಅಂದು ನಾನು ಕೊಟ್ಟ ಉತ್ತರ ಅರೆಬರೆಯದು. ಆಮೇಲೆ ಪುಸ್ತಕಗಳನ್ನು ತಿರುವಿ ಹಾಕಿದಾಗ ಗೊತ್ತಾದದ್ದು, ಆ ತಂದೆಯ ಪ್ರಶ್ನೆ ಎಷ್ಟು ಹಳೆಯದೋ ಆ ಚಿತ್ರದ ವಂಶವೂ ಅಷ್ಟೇ ಹಳೆಯದು ಎಂದು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯದಾದ ಈಜಿಪ್ಟಿನ ಪಪೈರಸ್ ಹಾಳೆಯೊಂದಿದೆ. ಅದರಲ್ಲಿ ಸಿಂಹವೂ ಹುಲ್ಲೆಯೂ ಎದುರುಬದುರಾಗಿ ಪೀಠದ ಮೇಲೆ ಕೂತು ಮಣೆಯಾಟ ಆಡುತ್ತಿವೆ. ಪಕ್ಕದಲ್ಲಿ ಬೆಕ್ಕೊಂದು ಎರಡು ಕಾಲಿನ ಮೇಲೆ ನಿಂತು ಬಾತುಗಳ ಹಿಂಡು ಕಾಯುತ್ತಿದೆ. ತಿನ್ನಬೇಕಾದವನೇ ಕಾವಲಿಗೆ ನಿಂತರೆ ಹೇಗಿರುತ್ತದೆ? ನಗು ಇರುವುದು ಅಲ್ಲಿ. ಅದನ್ನು ಬರೆದವನು ಚಿಕ್ಕ ಮಗುವಲ್ಲ, ಕೈ ಪಳಗಿದ ಕಲಾವಿದ.

ಜಪಾನಿನ ಕ್ಯೋಟೋ ನಗರದ ಕೋಜಾನ್‌ಜಿ ಎಂಬ ಬೌದ್ಧ ದೇವಾಲಯಕ್ಕೆ ಸೇರಿದ ನಾಲ್ಕು ಚಿತ್ರಸುರುಳಿಗಳಂತೂ ಇನ್ನೂ ಸೊಗಸು. ಹೆಸರು ‘ಚೋಜೂ ಗಿಗಾ’. ಹೆಚ್ಚು ಪ್ರಸಿದ್ಧವಾದ ಮೊದಲ ಸುರುಳಿ 12ನೇ ಶತಮಾನದ್ದು. ಬಣ್ಣವಿಲ್ಲ, ಬರಿಯ ಮಸಿ; ಒಂದಕ್ಷರ ವಿವರಣೆಯೂ ಇಲ್ಲ. ಮೊಲ, ಕಪ್ಪೆ, ಕೋತಿಗಳು ಹೊಳೆಯಲ್ಲಿ ಮೀಯುತ್ತವೆ, ಬಿಲ್ಲುವಿದ್ಯೆ ಅಭ್ಯಾಸ ಮಾಡುತ್ತವೆ, ಕುಸ್ತಿ ಹಿಡಿಯುತ್ತವೆ. ಕಪ್ಪೆಯೊಂದು ಮೊಲವನ್ನು ಎತ್ತಿ ಒಗೆದು ಬಾಯಿ ತೆರೆದು ನಿಂತ ಭಂಗಿಯನ್ನು ನೋಡಿದರೆ ನಮ್ಮ ಗರಡಿಮನೆಯ ಪೈಲ್ವಾನರ ನೆನಪಾಗುತ್ತದೆ. ಮುಂದೆ ಹೋದರೆ ಕಾವಿ ಹೊದ್ದ ಕೋತಿ ಪೂಜೆ ಮಾಡುತ್ತಿದೆ. ಪೀಠದಲ್ಲಿ ಬುದ್ಧನಂತೆ ಕುಳಿತಿರುವುದು ಕಪ್ಪೆ. ಅದನ್ನು ಸುಟ್ಟುಹಾಕದೆ ಶತಮಾನಗಳ ಕಾಲ ಜೋಪಾನ ಮಾಡಿದ್ದು ಒಂದು ದೇವಾಲಯವೇ ಎಂಬುದು ನೆನಪಿಡತಕ್ಕ ಮಾತು.

ಹಾಗಾದರೆ ನಮ್ಮ ಪಂಚತಂತ್ರ? 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಕಥೆಗಳು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಲ್ಲಿನಲ್ಲೂ ಅದರ ಕೆಲವು ಕಥೆಗಳಿವೆ. ಅಲ್ಲಿ ಪ್ರಾಣಿಗಳು ರಾಜನೀತಿಯನ್ನೇ ಮಾತಾಡುತ್ತವೆ, ನಿಜ. ಆದರೆ ಮಾತು ಇರುವುದು ಕಥೆಯಲ್ಲಿ. ಹಂಸಗಳು ಹೊತ್ತೊಯ್ಯುವ ಕೋಲನ್ನು ಕಚ್ಚಿದ ಆಮೆಯನ್ನು ಚಿತ್ರಿಸುವವನು ಆಮೆಯನ್ನು ಆಮೆಯಾಗಿಯೇ ಚಿತ್ರಿಸುತ್ತಾನೆ. ಕಥೆ ತಿಳಿಯದವನ ಕಣ್ಣಿಗೆ ಅದು ಬರಿಯ ಆಮೆ. ನಾವು ಈಗ ಹುಡುಕುತ್ತಿರುವ ಪ್ರಕಾರದಲ್ಲಿ ಮನುಷ್ಯತನ ಚಿತ್ರದ ಒಳಗೇ ಇರಬೇಕು: ನಿಲುವಿನಲ್ಲಿ, ಕೈಯಲ್ಲಿ, ಉಡುಪಿನಲ್ಲಿ, ಮುಖಭಾವದಲ್ಲಿ.

ಇಲ್ಲಿ ಓದುಗರು ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಗಣಪತಿ, ನರಸಿಂಹ? ಜರ್ಮನಿಯ ಗುಹೆಯೊಂದರಲ್ಲಿ 1939ರಲ್ಲಿ ಚೂರುಗಳಾಗಿ ದೊರೆತ, ಸುಮಾರು 40,000 ವರ್ಷ ಹಳೆಯ ಸಿಂಹಮುಖದ ದಂತದ ಮೂರ್ತಿಯನ್ನು ಕಂಡರೂ ನಮಗೆ ನರಸಿಂಹನೇ ನೆನಪಾಗುತ್ತಾನೆ. ಆದರೆ ನನ್ನ ಮಟ್ಟಿಗೆ ಅವು ಬೇರೆಯೇ. ಗಣಪತಿ ಮನುಷ್ಯನಂತೆ ವರ್ತಿಸುವ ಆನೆಯಲ್ಲ, ಅವನು ದೇವರು. ಅಲ್ಲಿ ಆನೆಯ ಮುಖ ಹೇಳುವುದು ಪುರಾಣವನ್ನು, ಆನೆಯ ಸ್ವಭಾವವನ್ನಲ್ಲ. ವಿದ್ವಾಂಸರು ಬಳಸುವ ಆಂಥ್ರೊಪೊಮಾರ್ಫಿಸಂ ಎಂಬ ಉದ್ದನೆಯ ಪದಕ್ಕೆ ಗ್ರೀಕ್ ಮೂಲದಲ್ಲಿ ‘ಮನುಷ್ಯರೂಪ’ ಎಂದಷ್ಟೇ ಅರ್ಥ. ಅದು ಮೊದಲು ಬಳಕೆಯಾದದ್ದೂ ದೇವರಿಗೆ ಮನುಷ್ಯರೂಪ ಕಲ್ಪಿಸುವ ವಿಚಾರದಲ್ಲಿಯೇ. ಪ್ರಾಣಿಗಳ ಸರದಿ ಬಂದದ್ದು ಆಮೇಲೆ.

ಹೀಗೆ ಒಂದೊಂದನ್ನೇ ಬದಿಗಿಟ್ಟ ಮೇಲೆ ಉಳಿಯುವುದೇನು? ನನಗೆ ದಕ್ಕಿದ ಒರೆಗಲ್ಲು ಇದು. ಚಿತ್ರದಲ್ಲಿ ಪ್ರಾಣಿಯನ್ನು ತೆಗೆದು ಮನುಷ್ಯನನ್ನು ಕೂರಿಸಿ ನೋಡಿ. ಏನೂ ನಷ್ಟವಾಗದಿದ್ದರೆ ಅಲ್ಲಿದ್ದದ್ದು ಮುಖವಾಡ. ಮನುಷ್ಯತನವನ್ನು ತೆಗೆದು ನೋಡಿ. ಆಗಲೂ ನಷ್ಟವಾಗದಿದ್ದರೆ ಅದು ಬರಿಯ ಪ್ರಾಣಿಚಿತ್ರ. ಯಾವುದನ್ನು ತೆಗೆದರೂ ಚಿತ್ರ ಕೆಡುವುದಾದರೆ ಅದು ಈ ಪ್ರಕಾರಕ್ಕೆ ಸೇರಿದ್ದು.

ಈ ಒರೆಗಲ್ಲಿಗೆ ಉಜ್ಜಲು ಇಂಗ್ಲೆಂಡಿನ ಬೀಟ್ರಿಕ್ಸ್ ಪಾಟರ್‌ಗಿಂತ ಒಳ್ಳೆಯ ಚಿನ್ನ ಸಿಗದು. 1893ರಲ್ಲಿ ಕಾಯಿಲೆ ಬಿದ್ದಿದ್ದ ಐದು ವರ್ಷದ ಹುಡುಗನೊಬ್ಬನಿಗೆ ಆಕೆ ಚಿತ್ರಸಹಿತ ಕಾಗದ ಬರೆದು ಪೀಟರ್ ಎಂಬ ಮೊಲದ ಕಥೆ ಹೇಳಿದಳು. 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದಳು. 1902ರಲ್ಲಿ ಪ್ರಕಾಶಕರು ಹೊರತಂದರು. ಪೀಟರನಿಗೆ ನೀಲಿ ಕೋಟು. ತೋಟಕ್ಕೆ ಕದ್ದು ನುಗ್ಗಿದವನು ತೋಟದವನ ಕೈಗೆ ಸಿಕ್ಕಿಬೀಳುವಂತಾಗುವುದು ಆ ಕೋಟಿನ ಗುಂಡಿಗಳು ಬಲೆಗೆ ಸಿಕ್ಕಿಕೊಂಡಿದ್ದರಿಂದ. ಕೋಟು ಕಳಚಿ ಓಡುತ್ತಾನೆ. ಆಗ ನೋಡಿ, ಎರಡು ಕಾಲಿನ ಪುಟ್ಟ ಹುಡುಗ ಮಾಯ. ನಾಲ್ಕು ಕಾಲಿನ, ಎದೆ ಹೊಡೆದುಕೊಳ್ಳುವ ಮೊಲವೊಂದು ಕಾಣುತ್ತದೆ. ಅವನ ಅಪ್ಪನನ್ನು ಅದೇ ತೋಟದವನ ಮನೆಯಲ್ಲಿ ಅಡುಗೆ ಮಾಡಿ ಮುಗಿಸಿದ್ದರು ಎಂಬ ಮಾತು ಕಥೆಯ ಆರಂಭದಲ್ಲಿಯೇ ಬಂದಿರುತ್ತದೆ. ತಾಯಿಯ ಮಾತು ಮೀರಿದ ಹುಡುಗನಿಗೆ ಏಟು ಬೀಳಬಹುದು; ಮೊಲಕ್ಕಾದರೆ ಪ್ರಾಣವೇ ಹೋಗುತ್ತದೆ. ಎರಡೂ ಭಯ ಒಂದೇ ಮೈಯಲ್ಲಿ.

ಪಾಟರ್ ಮೊಲಗಳನ್ನು ಸಾಕಿದ್ದಳು, ಸತ್ತ ಪ್ರಾಣಿಗಳ ಎಲುಬು ಬೇಯಿಸಿ ಬಿಡಿಸಿ ರಚನೆ ಅಭ್ಯಾಸ ಮಾಡಿದ್ದಳು. ಅಣಬೆಗಳ ಕುರಿತ ಆಕೆಯ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಮಂಡನೆಯಾಯಿತು. ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲದ್ದರಿಂದ ಮಂಡಿಸಿದ್ದು ಬೇರೊಬ್ಬರು! ಇಂಥವಳಿಗೆ ಕೋಟು ತೊಡಿಸುವುದರಲ್ಲೂ ನಿಯಮವಿತ್ತು. ಕೆನೆತ್ ಗ್ರಹಾಂ 1908ರ ತನ್ನ ಪ್ರಸಿದ್ಧ ಕಾದಂಬರಿಯಲ್ಲಿ ನೆಲಗಪ್ಪೆ ತಲೆ ಬಾಚಿಕೊಂಡಿತೆಂದು ಬರೆದದ್ದು ಆಕೆಗೆ ಸರಿಬರಲಿಲ್ಲ. ಕಪ್ಪೆ ಮಳೆಗಾಲದ ರಬ್ಬರ್ ಬೂಟು ಹಾಕಿಕೊಳ್ಳಲಿ, ತಕರಾರಿಲ್ಲ. ಅದಕ್ಕೆ ಕೂದಲು ಬಂದದ್ದು ಎಲ್ಲಿಂದ ಎಂಬುದು ಆಕೆಯ ಆಕ್ಷೇಪ. ತಮಾಷೆಯ ಮಾತಲ್ಲ ಇದು. ಬೂಟು ಕಪ್ಪೆಯ ಮೈಗೆ ಹೊರಗಿನಿಂದ ಸೇರಿಸಿದ್ದು. ಕೂದಲು ಕಪ್ಪೆಯ ಮೈಯನ್ನೇ ಸುಳ್ಳು ಮಾಡುತ್ತದೆ. ಆಕೆಯದೇ ಜೆರೆಮಿ ಫಿಶರ್ ಎಂಬ ಕಪ್ಪೆರಾಯನನ್ನು ದೊಡ್ಡ ಮೀನು ನುಂಗಿ, ಮೈಮೇಲಿದ್ದ ಮಳೆಕೋಟಿನ ರುಚಿ ಹಿಡಿಸದೆ ಉಗುಳಿಬಿಡುತ್ತದೆ. ಪೀಟರನನ್ನು ಕೋಟು ಸಿಕ್ಕಿಹಾಕಿಸಿತು, ಜೆರೆಮಿಯನ್ನು ಕೋಟು ಉಳಿಸಿತು.

ಟಿ.ವಿ. ನೋಡುವ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ: ಡಿಸ್ನಿಯ ಗೂಫಿಯೂ ನಾಯಿ, ಪ್ಲೂಟೋನೂ ನಾಯಿ, ಒಂದು ಪ್ಯಾಂಟು ತೊಟ್ಟು ಮಾತಾಡುತ್ತದೆ, ಇನ್ನೊಂದಕ್ಕೆ ಕುತ್ತಿಗೆಪಟ್ಟಿ, ಯಾಕೆ? ಪ್ಲೂಟೋ ಬಂದದ್ದು 1930ರಲ್ಲಿ, ಗೂಫಿ 1932ರಲ್ಲಿ. ಪ್ಲೂಟೋನ ಯಜಮಾನ ಒಂದು ಇಲಿ ಎಂಬುದನ್ನೂ ಮರೆಯಬೇಡಿ. ನನ್ನ ಉತ್ತರ ಇಷ್ಟೇ: ಪ್ಲೂಟೋ ನಾಯಿ, ಗೂಫಿ ನಾಯಿಯ ಕಿವಿ ಇಟ್ಟುಕೊಂಡ ಮನುಷ್ಯ. ಮುದ್ದಾಗಿದ್ದಾನೆ, ಆದರೆ ನಮ್ಮ ಒರೆಗಲ್ಲಿನಲ್ಲಿ ಅಷ್ಟೇನೂ ಹೊಳೆಯುವುದಿಲ್ಲ. 2016ರ ‘ಝೂಟೋಪಿಯಾ’ ಚಿತ್ರದವರು ಹೆಚ್ಚು ಶ್ರಮಪಟ್ಟಿದ್ದಾರೆ. ಅಲ್ಲಿ ಇಲಿ ಇಲಿಯಷ್ಟೇ, ಆನೆ ಆನೆಯಷ್ಟೇ. ರೈಲಿಗೆ ಬೇರೆ ಬೇರೆ ಅಳತೆಯ ಬಾಗಿಲುಗಳು!

ಇದು ಮಕ್ಕಳ ಸರಕು ಎನ್ನುವವರಿಗೆ ಎರಡು ಹೆಸರು ಸಾಕು. ಫ್ರಾನ್ಸಿನ ಗ್ರಾನ್‌ವಿಲ್ 1829ರ ಹೊತ್ತಿಗೆ ಮನುಷ್ಯರ ಮೈಗೆ ಪ್ರಾಣಿಗಳ ತಲೆಯಿಟ್ಟು ಪ್ಯಾರಿಸ್ಸಿನ ದೊಡ್ಡವರನ್ನೆಲ್ಲ ಗೇಲಿ ಮಾಡಿ ಹೆಸರಾದ. 1835ರಲ್ಲಿ ಸರ್ಕಾರ ವ್ಯಂಗ್ಯಚಿತ್ರಗಳ ಮೇಲೆ ಸೆನ್ಸಾರ್ ಹೇರಿದಾಗ ಪುಸ್ತಕಗಳ ಚಿತ್ರಗಳತ್ತ ತಿರುಗಿದ. ಪ್ರಾಣಿಗಳ ಖಾಸಗಿ ಮತ್ತು ಸಾರ್ವಜನಿಕ ಬದುಕಿನ ಬಗ್ಗೆ ಅವನು ಚಿತ್ರ ಬರೆದ, 1842ರಲ್ಲಿ ಪೂರ್ಣಗೊಂಡ ಪುಸ್ತಕಕ್ಕೆ ಲೇಖನ ಬರೆದವರಲ್ಲಿ ಬಾಲ್ಜಾಕ್ ಕೂಡ ಒಬ್ಬ.

ಇನ್ನೊಬ್ಬ ಅಮೆರಿಕದ ಆರ್ಟ್ ಸ್ಪೀಗಲ್‌ಮನ್. ಆಶ್‌ವಿಟ್ಸ್ ಯಾತನಾ ಶಿಬಿರದಿಂದ ಬದುಕಿ ಬಂದ ತನ್ನ ತಂದೆಯ ಕಥೆಯನ್ನು ‘ಮೌಸ್’ ಎಂಬ ಚಿತ್ರಕಥೆಯಾಗಿ ಬರೆದ. ಯಹೂದಿಗಳು ಇಲಿ, ಜರ್ಮನರು ಬೆಕ್ಕು, ಪೋಲೆಂಡಿನವರು ಹಂದಿ. ಯಹೂದಿಗಳನ್ನು ಇಲಿ ಹೆಗ್ಗಣ ಎಂದು ಹೀಗಳೆದದ್ದು ನಾಜಿಗಳು. ಆ ಬೈಗುಳವನ್ನೇ ಎತ್ತಿಕೊಂಡು ಸ್ಪೀಗಲ್‌ಮನ್ ಅದನ್ನು ಒಳಗಿನಿಂದ ಒಡೆಯುತ್ತಾನೆ. ನೆಲಮಾಳಿಗೆಯಲ್ಲಿ ಅಡಗಿದ ಅವನ ತಾಯಿ ನಿಜವಾದ ಹೆಗ್ಗಣ ಕಂಡು ಬೆಚ್ಚುತ್ತಾಳೆ. ಬದುಕುಳಿಯಲು ಯಹೂದಿಗಳು ಹಂದಿಯ ಮುಖವಾಡ ಕಟ್ಟಿಕೊಂಡು ಬೀದಿಗೆ ಬರುತ್ತಾರೆ, ದಾರ ಕಾಣುವ ಹಾಗೆ. ಜಾತಿ ಎನ್ನುವುದು ಹುಟ್ಟಿನಿಂದ ಬಂದ ಮುಖವಲ್ಲ, ಯಾರೋ ಕಟ್ಟಿದ ದಾರ ಎಂದು ಚಿತ್ರವೇ ತೋರಿಸುತ್ತದೆ. 1992ರಲ್ಲಿ ಈ ಕೃತಿಗೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. 2022ರ ಜನವರಿಯಲ್ಲಿ ಅಮೆರಿಕದ ಟೆನ್ನೆಸ್ಸೀ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಬೈಗುಳದ ಪದಗಳಿವೆ, ನಗ್ನಚಿತ್ರವಿದೆ ಎಂದು ಇದನ್ನು ಎಂಟನೇ ತರಗತಿಯ ಪಾಠದಿಂದ ಕೈಬಿಟ್ಟಿತು. ಒಂದು ಕಡೆ ಇಲಿಯ ಚಿತ್ರವೆಂದರೆ ಎಳೆಮಕ್ಕಳದು ಎನ್ನುತ್ತೇವೆ, ಇನ್ನೊಂದು ಕಡೆ ಹದಿಮೂರು ವರ್ಷದವರಿಗೂ ಇದು ಹೆಚ್ಚಾಯಿತು ಎನ್ನುತ್ತೇವೆ.

ಇಂಥ ಚಿತ್ರ ಬರೆಯುವ ವಿದ್ಯಾರ್ಥಿಗಳಿಗೆ ಒಂದು ಮಾತು. ಪ್ಯಾಂಟು ತೊಡಿಸುವುದು ಸುಲಭ, ಬಾಲ ಎಲ್ಲಿಂದ ಹೊರಬರುತ್ತದೆ ಎಂದು ಯೋಚಿಸುವುದು ಕಷ್ಟ. ಗೊರಸಿನ ಕಾಲು ಲೋಟ ಹಿಡಿಯುವುದು ಹೇಗೆ? ಕೊಕ್ಕು ನಗುವುದು ಹೇಗೆ? ಕೊಟ್ಟಿಗೆಗೆ ಹೋಗಿ ಅರ್ಧ ಗಂಟೆ ನಿಂತು ನೋಡದೆ ಇವಕ್ಕೆ ಉತ್ತರ ಸಿಗುವುದಿಲ್ಲ.

ಆ ಬಸ್ಸಿನ ಚಿತ್ರಕ್ಕೆ ಮರಳುತ್ತೇನೆ. ಅಂದು ತಂದೆಯ ಹಿಂದೆ ನಿಂತಿದ್ದ ಹುಡುಗಿಯನ್ನು ಮಾತಾಡಿಸಲೆಂದು, ‘ಏನಮ್ಮಾ, ಕಂಡಕ್ಟರೆಂದರೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡಿರಬೇಕಲ್ಲ, ಮರೆತೆಯಾ?’ ಎಂದಿದ್ದೆ. ಅವಳು ಚಿತ್ರದ ಸುರುಳಿ ಬಿಚ್ಚಿ ಕಾಗೆಯ ರೆಕ್ಕೆಯನ್ನು ಬೆರಳಿಟ್ಟು ತೋರಿಸಿದಳು. ಎರಡು ಗರಿಗಳ ನಡುವೆ ಪೆನ್ನು, ಮುಚ್ಚಳ ಮಾತ್ರ ಹೊರಗೆ.

‘ಕಾಗೆಗೆ ಕಿವಿ ಕಾಣಲ್ವಲ್ಲ ಸಾರ್’ ಎಂದಳು.