ಕೋಪನ್‌ಹೇಗನ್ನಿನ ನಗರಸಭಾ ಚುನಾವಣೆ

ಡೆನ್ಮಾರ್ಕಿನ ಪೌರಸಂಸ್ಥೆಗಳಿಗೆ 4 ವರ್ಷಕ್ಕೊಮ್ಮೆ, ನವೆಂಬರ್ ತಿಂಗಳ ಮೂರನೆಯ ಮಂಗಳವಾರ ಚುನಾವಣೆ ನಡೆಯುತ್ತದೆ. ರಾಜಧಾನಿ ಕೋಪನ್‌ಹೇಗನ್ನಿನ ನಗರಸಭೆಯಲ್ಲಿ 55 ಸ್ಥಾನಗಳಿವೆ. ನಮ್ಮಲ್ಲಿರುವಂತೆ ವಾರ್ಡುಗಳಿಲ್ಲ, ಇಡೀ ನಗರವೇ ಒಂದು ಕ್ಷೇತ್ರ. ಪಡೆದ ಮತಗಳ ಪ್ರಮಾಣಕ್ಕನುಸಾರವಾಗಿ ಪಕ್ಷಗಳಿಗೆ ಸ್ಥಾನಗಳು ಸಲ್ಲುತ್ತವೆ. ಆದಕಾರಣ ಒಂದೇ ಪಕ್ಷಕ್ಕೆ ಬಹುಮತ ದೊರೆಯುವುದು ಅಪರೂಪ. ಪ್ರಧಾನ ಮೇಯರ್ ಯಾರೆಂಬುದು ಎಣಿಕೆಯ ತರುವಾಯದ ಮಾತುಕತೆಯಲ್ಲಿ ನಿಶ್ಚಯವಾಗುತ್ತದೆ. 2021ರಲ್ಲಿ ಎಡಪಂಥೀಯ ಎನ್‌ಹೆಡ್ಸ್‌ಲಿಸ್ಟೆನ್ ಪಕ್ಷವು ಅತಿ ಹೆಚ್ಚು ಮತ ಗಳಿಸಿಯೂ ಆ ಪದವಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಪಾಲಾಯಿತು. 2025ರಲ್ಲಿ ಆ ಪಕ್ಷದ ಶತಮಾನದ ಹಿಡಿತ ತಪ್ಪಿ, ಸಮಾಜವಾದಿ ಜನತಾ ಪಕ್ಷದ ಸಿಸ್ಸೆ ಮರೀ ವೆಲ್ಲಿಂಗ್ ಪ್ರಧಾನ ಮೇಯರ್ ಆದರು. ಸೋತವರೂ ಬರಿಗೈಯಲ್ಲಿ ಉಳಿಯುವುದಿಲ್ಲ. ಶಾಲೆ, ಆರೋಗ್ಯ, ಸಂಸ್ಕೃತಿ ಮೊದಲಾದ ಇಲಾಖೆಗಳಿಗೆ ಇನ್ನೂ 6 ಮಂದಿ ಮೇಯರುಗಳಿದ್ದು, ಆ ಸ್ಥಾನಗಳನ್ನೂ ಬಲಾಬಲಕ್ಕೆ ತಕ್ಕಂತೆ ಹಂಚಲಾಗುತ್ತದೆ.

ನನಗೆ ಇದಕ್ಕಿಂತಲೂ ಗಮನಾರ್ಹವೆನಿಸಿದ್ದು ಮತದಾರರ ಪಟ್ಟಿ. ಸಂಸತ್ತಿನ ಚುನಾವಣೆಗೆ ಡೆನ್ಮಾರ್ಕಿನ ಪೌರತ್ವ ಬೇಕು, ನಗರಸಭೆಗೆ ಬೇಡ. ಐರೋಪ್ಯ ಒಕ್ಕೂಟದ ಮತ್ತು ನಾರ್ಡಿಕ್ ದೇಶಗಳ ನಿವಾಸಿಗಳು ಡೇನರಂತೆಯೇ ಮತ ನೀಡುತ್ತಾರೆ. ಉಳಿದ ವಿದೇಶೀಯರು, ಭಾರತೀಯರೂ ಸೇರಿ, 18 ವರ್ಷ ತುಂಬಿದವರಾಗಿ 4 ವರ್ಷ ಎಡೆಬಿಡದೆ ಅಲ್ಲಿ ನೆಲೆಸಿದ್ದರೆ ಸಾಕು. ಮತ ನೀಡಬಹುದು, ಅಭ್ಯರ್ಥಿಯಾಗಿ ನಿಲ್ಲಲೂಬಹುದು.