ಕಾರ್ಡ್ ಇದ್ದರೆ ಖರ್ಚೇ ಇಲ್ಲವೇ?

ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರು ಹೆಚ್ಚಾಗಿ ಹೊರಡುವುದು ಮಂಗಳೂರಿಗೆ, ಇಲ್ಲವೇ ದೇರಳಕಟ್ಟೆಗೆ. ಆಯುಷ್ಮಾನ್ ಕಾರ್ಡೋ ವಿಮಾ ಪಾಲಿಸಿಯೋ ಜೊತೆಗಿರುತ್ತದೆ. ಆದರೆ ಕೈಯಿಂದ ಎಷ್ಟು ಹೋಗುತ್ತದೆಂಬ ಲೆಕ್ಕ ಎಷ್ಟೋ ಮನೆಗಳಲ್ಲಿ ಆಗಿರುವುದಿಲ್ಲ. ಡಿಸ್ಚಾರ್ಜ್ ದಿನ ಚಿನ್ನ ಅಡವಿಡಲು ಓಡುವ ಪರಿಸ್ಥಿತಿ ಬರುವುದು ಹೀಗೆ. ಈ ಲೆಕ್ಕವನ್ನು ಮೊದಲೇ ಹಾಕಬಹುದು. ಅದಕ್ಕೆ ಅಡ್ಡ ಬರುವ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಆಯುಷ್ಮಾನ್ ಕಾರ್ಡ್ ಇದ್ದವರಿಗೆಲ್ಲ 5 ಲಕ್ಷದವರೆಗೆ ಉಚಿತ.

ಸತ್ಯ: ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿ, ಅದು ಮನೆಮಂದಿಗೆಲ್ಲ ಸೇರಿ. ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಪ್ಯಾಕೇಜ್ ದರ 1 ಲಕ್ಷವಾದರೆ ಸರ್ಕಾರ ಕೊಡುವುದು 30 ಸಾವಿರ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆ ಖಾಸಗಿ ಆಸ್ಪತ್ರೆ ಯೋಜನೆಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರು ಮಾಹಿತಿ ಕೊಡುತ್ತಾರೆ.

ತಪ್ಪು ಕಲ್ಪನೆ: 3 ಲಕ್ಷದ ಪಾಲಿಸಿ ಇದೆ, ಬಿಲ್ಲು ಅದರೊಳಗಿದ್ದರೆ ಪೂರ್ತಿ ಸಿಗುತ್ತದೆ.

ಸತ್ಯ: ರೂಮ್ ಬಾಡಿಗೆಯ ಮಿತಿಯನ್ನು ನೋಡಿ. ಕೆಲವು ಪಾಲಿಸಿಗಳಲ್ಲಿ ದಿನದ ಬಾಡಿಗೆ ವಿಮಾ ಮೊತ್ತದ ಶೇ. 1ನ್ನು ಮೀರುವಂತಿಲ್ಲ. ಅಂದರೆ 3 ಲಕ್ಷಕ್ಕೆ 3,000 ರೂಪಾಯಿ. ನೀವು 5,000ದ ರೂಮ್ ಹಿಡಿದರೆ ಕಡಿತವಾಗುವುದು ಬಾಡಿಗೆಯ ಹೆಚ್ಚುವರಿ 2,000 ಮಾತ್ರವಲ್ಲ. ಅದೇ ಪ್ರಮಾಣದಲ್ಲಿ ವೈದ್ಯರ ಫೀಸು, ಆಪರೇಷನ್ ಥಿಯೇಟರ್ ಶುಲ್ಕಕ್ಕೂ ಕತ್ತರಿ ಬೀಳಬಹುದು: 40,000 ರೂಪಾಯಿ ಸರ್ಜನ್ ಫೀಸಿಗೆ 24,000 ಮಾತ್ರ ಬಂದು, ಉಳಿದ 16,000 ನಿಮ್ಮ ಮೇಲೆ. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಮಾಡುವಂತಿಲ್ಲ.

ತಪ್ಪು ಕಲ್ಪನೆ: ಕ್ಯಾಶ್‌ಲೆಸ್‌ಗೆ ಒಪ್ಪಿಗೆ ಬಂತು, ಇನ್ನು ಹಣ ಕೊಡಬೇಕಿಲ್ಲ.

ಸತ್ಯ: ಮೊದಲು ಬರುವುದು ಆರಂಭಿಕ ಒಪ್ಪಿಗೆ, ಅಂತಿಮ ಮೊತ್ತ ತೀರ್ಮಾನವಾಗುವುದು ಡಿಸ್ಚಾರ್ಜ್ ವೇಳೆಗೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ಮೊದಲನೆಯದಕ್ಕೆ 1 ಗಂಟೆ, ಎರಡನೆಯದಕ್ಕೆ 3 ಗಂಟೆ ಗಡುವು. ಪಾಲಿಸಿಯಲ್ಲಿ ಸಹಪಾವತಿ ಷರತ್ತಿದ್ದರೆ ಆ ಪಾಲು ನಿಮ್ಮದೇ. ಮೊದಲೇ ಇದ್ದ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯುವ ಅವಧಿ ಇರಬಹುದು.

ತಪ್ಪು ಕಲ್ಪನೆ: ಖರ್ಚೆಷ್ಟೆಂದು ಆಸ್ಪತ್ರೆಯನ್ನು ಮೊದಲೇ ಕೇಳುವಂತಿಲ್ಲ.

ಸತ್ಯ: ಕೇಳಬಹುದು, ಕೇಳಲೇಬೇಕು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆಗಳು ಶುಲ್ಕದ ಪಟ್ಟಿಯನ್ನು ಕಾಣುವಂತೆ ಹಾಕಬೇಕು.

ಆದ್ದರಿಂದ ತುರ್ತಲ್ಲದ ಚಿಕಿತ್ಸೆಯಾದರೆ ಅಡ್ಮಿಟ್ ಆಗುವ ಮುನ್ನವೇ ರೂಮ್, ಸರ್ಜನ್, ಔಷಧ, ಇಂಪ್ಲಾಂಟ್ ಬೇರೆ ಬೇರೆ ತೋರಿಸುವ ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಅದನ್ನು ವಿಮಾ ಡೆಸ್ಕಿನಲ್ಲಿ ತೋರಿಸಿ, ‘ನಮ್ಮ ಕೈಯಿಂದ ಎಷ್ಟು?’ ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು.